ಏಳನೇ ಪ್ರಶ್ನೆ, ನಾಲ್ಕನೇ ಪುಟ

ಕೋಡಿ, ಕುಂದಾಪುರ
12-7-2009

ಚಿ. ನವ್ಯಶ್ರೀಗೆ ಅಜ್ಜಯ್ಯನ ಆಶೀರ್ವಾದಗಳು.

ಇಲ್ಲಿ ನಾನು, ನಿನ್ನ ಅಮ್ಮಮ್ಮ ಇಬ್ಬರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆ. ಹಾಸ್ಟೆಲಿನಲ್ಲಿ ಮೊದಲ ವರ್ಷದವರು ಮೊಬೈಲು ಇಡಬಾರದು ಎಂದದ್ದು ನನಗೆ ಅನುಕೂಲವೇ ಆಯಿತು. ನನ್ನ ಕಿವಿಗೆ ಫೋನು ಕೇಳುವುದಿಲ್ಲ. ಅಮ್ಮಮ್ಮ ಫೋನು ಹಿಡಿದರೆ ಮೀನು ಮಾರಿದ ಹಾಗೆ ಕೂಗುತ್ತಾಳೆ.

ಕಾರ್ಯದ ವಿಷಯ. ಮೊನ್ನೆ ಬ್ರಹ್ಮಾವರದಲ್ಲಿ ನಮ್ಮ ಬ್ಯಾಂಕಿನ ನಿವೃತ್ತರ ಸಂಘದ ಮೀಟಿಂಗ್ ಇತ್ತು. ನಮಗೆ ಬ್ಯಾಂಕಿನಿಂದ ಒಂದು ಲಕ್ಷದ ಗುಂಪು ವಿಮೆ ಇದೆಯಲ್ಲ, ಗಂಡ ಹೆಂಡತಿ ಇಬ್ಬರಿಗೂ ಸೇರಿ. ಸಂಘದ ಕಾರ್ಯದರ್ಶಿ ಚೆನ್ನಯ್ಯ ಕೇಳಿದರು, "ಹ್ವಾಯ್ ಸುಬ್ಬಣ್ಣ, ಒಂದ್ ಲಕ್ಷ ಈಗಿನ್ ಕಾಲಕ್ಕೆ ಎಂತಕ್ಕ್ ಸಾಕಾತ್ತ್? ಆಸ್ಪತ್ರಿ ಬಾಗ್ಲ್ ತೆಗುಕೂ ಸಾಕಾತಿಲ್ಲ." ಅದರ ಮೇಲೆ ಇನ್ನೂ ಮೂರು ಲಕ್ಷಕ್ಕೆ ಟಾಪ್-ಅಪ್ ಅಂತ ಒಂದು ಬಂದಿದೆಯಂತೆ. ಬೇಕಾದವರು ಕೈಯಿಂದ ಕಂತು ಕಟ್ಟಿ ಸೇರಬಹುದು.

ಕಾಗದವೆಲ್ಲ ಇಂಗ್ಲಿಷು. ಚೆನ್ನಯ್ಯ ಓದಿ ಹೇಳುತ್ತೇನೆ ಎಂದರು. ನಾನು ಬೇಡ ಎಂದೆ. "ನಮ್ಮ ಮೊಮ್ಮಗ್ಳ್ ಮೈಸೂರಗೆ ಇಂಗ್ಲಿಷಗೇ ಓದುದ್" ಎಂದೆ. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ. ಮೂವತ್ತೆರಡು ವರ್ಷ ಅಟೆಂಡರ್ ಆಗಿ ಅವರ ಟೇಬಲಿಗೆ ಕಾಗದ ಹೊತ್ತವನು ನಾನು. ಅವತ್ತು ಒಂದು ಸಲ ಎದೆ ಸೆಟೆಸಿ ಕೂತೆ.

ಕವರಿನಲ್ಲಿ ಒಟ್ಟು ಏಳು ಹಾಳೆ ಇದೆ. ವಿವರಣೆ ಐದು, ಅರ್ಜಿ ಎರಡು. ಎಣಿಸಿ ನೋಡಿಕೋ.

ಇತಿ, ನಿನ್ನ ಅಜ್ಜಯ್ಯ
ಸುಬ್ಬ

*

ಮೈಸೂರು
21-7-2009

ಪ್ರೀತಿಯ ಅಜ್ಜಯ್ಯನಿಗೆ,

ನಾನು ಕ್ಷೇಮ. ಊಟ ಪರವಾಗಿಲ್ಲ. ಮೀನು ಇಲ್ಲದೆ ನಾಲಿಗೆ ಸತ್ತುಹೋಗಿದೆ ಎಂದು ಅಮ್ಮಮ್ಮನಿಗೆ ಹೇಳಿ.

ಏಳು ಹಾಳೆ ಎಣಿಸಿದೆ, ಸರಿ ಇದೆ. ನೀವು ಪ್ರತಿ ಕಾಗದದ ಮೂಲೆಯಲ್ಲೂ ನಂಬರು ಹಾಕುವುದು ನೋಡಿ ರೂಮಿನವರು ನಕ್ಕರು, ನಿಮ್ಮ ಅಜ್ಜ ಜಡ್ಜಾ ಎಂದು. ನಾನು ಹೌದು ಎಂದೆ.

ವಿವರಣೆಯನ್ನು ಕನ್ನಡದಲ್ಲಿ ಬರೆದು ಇಟ್ಟಿದ್ದೇನೆ, ಒಂದು ಪುಟಕ್ಕೆ ಒಂದು ಹಾಳೆ. ಮುಖ್ಯ ಸಂಗತಿ ಡಿಡಕ್ಟಿಬಲ್ ಅಂತ. ಮೊದಲು ನನಗೂ ಅದು ಕಂತಿನಲ್ಲಿ ಮುರಿದುಕೊಳ್ಳುವ ದುಡ್ಡು ಅನಿಸಿತ್ತು. ಅಲ್ಲ. ಮನೆಯ ಹಿಂದಿನ ನಲ್ಲಿಯ ಕೆಳಗೆ ಅಮ್ಮಮ್ಮ ಕೊಡಪಾನ ಇಟ್ಟು, ಅದರ ಕೆಳಗೆ ಬಾಲ್ದಿ ಇಡುತ್ತಾಳಲ್ಲ, ಹಾಗೆ. ಆಸ್ಪತ್ರೆಯ ಬಿಲ್ಲಿನ ಮೊದಲ ಒಂದು ಲಕ್ಷ ಬ್ಯಾಂಕಿನ ಗುಂಪು ವಿಮೆಯಿಂದ. ಅದು ತುಂಬಿ ಹರಿದರೆ ಮಾತ್ರ ಈ ಟಾಪ್-ಅಪ್ ಬಾಲ್ದಿ ಶುರು. ಎಪ್ಪತ್ತು ಸಾವಿರದ ಬಿಲ್ಲಾದರೆ ಇದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ವರ್ಷಕ್ಕೆ ಇಬ್ಬರಿಗೂ ಸೇರಿ ನಾಲ್ಕು ಸಾವಿರದ ನೂರು ಕಟ್ಟಬೇಕು.

ಅರ್ಜಿಯಲ್ಲಿ ಏಳನೇ ಪ್ರಶ್ನೆಗೆ ನಿಮ್ಮಿಂದ ಉತ್ತರ ಬೇಕು. ಸೇರುವವರಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ, ಕ್ಯಾನ್ಸರ್ ಮೊದಲೇ ಇದೆಯಾ? ಅಜ್ಜಯ್ಯ ನಿಮಗೆ? ಅಮ್ಮಮ್ಮನಿಗೆ? ಬೇರೆ ಬೇರೆಯಾಗಿ ಬರೆಯಿರಿ. ತಪ್ಪಾಗಿ ತುಂಬಿದರೆ ಅಂತ ನನಗೆ ತುಂಬ ಟೆನ್ಷನ್ ಆಗುತ್ತಿದೆ.

ಕಾಲೇಜು ಚೆನ್ನಾಗಿದೆ. ಇಂಗ್ಲಿಷ್ ಎಲ್ಲ ಅರ್ಥವಾಗುತ್ತದೆ.

ನಿಮ್ಮ ನವ್ಯಾ

*

ಕೋಡಿ
30-7-2009

ಚಿ. ನವ್ಯಶ್ರೀಗೆ ಆಶೀರ್ವಾದ.

ಇಬ್ಬರೂ ಕ್ಷೇಮ. ನೀನು ಕಳಿಸಿದ ನಾಲ್ಕು ಹಾಳೆ ಸೇರಿತು. ಕೊಡಪಾನದ ಲೆಕ್ಕ ಚೆನ್ನಯ್ಯನಿಗೆ ಓದಿ ಹೇಳಿದೆ. ಅವರಿಗೇ ಅಷ್ಟು ಸಮ ಗೊತ್ತಿರಲಿಲ್ಲ.

ಏಳನೇ ಪ್ರಶ್ನೆಗೆ ಉತ್ತರ. ನನಗೆ: ಇಲ್ಲ. ಅಮ್ಮಮ್ಮನಿಗೆ: ಇಲ್ಲ. ಎಲ್ಲದಕ್ಕೂ ಇಲ್ಲ ಎಂದೇ ಬರೆ.

ಮಗಾ, ನಿನಗೊಂದು ಬುದ್ಧಿ ಹೇಳುತ್ತೇನೆ, ಇದು ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ. ಬೈಂದೂರು ಬ್ರಾಂಚಿನಲ್ಲಿ ಹನ್ನೊಂದು ವರ್ಷ, ಕುಂದಾಪುರದಲ್ಲಿ ಉಳಿದದ್ದು, ನಾನು ಸಾಲದ ಅರ್ಜಿ ಹೊತ್ತು ಒಂದು ಟೇಬಲಿನಿಂದ ಇನ್ನೊಂದು ಟೇಬಲಿಗೆ ಇಟ್ಟವನು. ಬೇರೆ ಕಡೆ ಸಾಲ ಇದೆಯಾ, ಇಲ್ಲ. ಜಾಗಕ್ಕೆ ತಕರಾರು ಇದೆಯಾ, ಇಲ್ಲ. ಇಲ್ಲ ಎಂದು ಇದ್ದ ಅರ್ಜಿ ಸಂಜೆಯೊಳಗೆ ಮ್ಯಾನೇಜರ ಟೇಬಲಿಗೆ ಹೋಗುತ್ತದೆ. ಎಲ್ಲಿಯಾದರೂ ಒಂದು ಹೌದು ಇದ್ದರೆ ಅದಕ್ಕೆ ಕೆಂಪು ಶಾಯಿಯ ಸುತ್ತು ಬೀಳುತ್ತದೆ, ವಾಪಸು ಬರುತ್ತದೆ, ಅದನ್ನು ಮತ್ತೆ ಹೊರುವವನೂ ನಾನೇ.

ಅಮ್ಮಮ್ಮನ ಪಾದಕ್ಕೆ ಮೀನಿನ ಮುಳ್ಳು ಹೊಕ್ಕಿದೆ, ಸಣ್ಣ ಗಾಯ. ಪ್ಲಾಸ್ಟಿಕ್ ಕಟ್ಟಿಕೊಂಡು ಮಾರ್ಕೆಟಿಗೆ ಹೋಗುತ್ತಿದ್ದಾಳೆ. ಕಾಲಲ್ಲಿ ಗಾಯ ಇದೆ ಎಂದು ಗೊತ್ತಾದರೆ ಯಾರೂ ಅವಳ ಬುಟ್ಟಿಯ ಮೀನು ಮುಟ್ಟುವುದಿಲ್ಲ, ಹಾಗಾಗಿ ಯಾರಿಗೂ ಹೇಳಬೇಡ. ಹರಿಣಾಕ್ಷಿಗೂ ಬರೆಯಬೇಡ. ನಿನ್ನ ಅಮ್ಮ ಬೊಂಬಾಯಿಯಿಂದ ಅಳುತ್ತ ಫೋನು ಮಾಡುತ್ತಾಳೆ, ನನಗೆ ಕೇಳುವುದಿಲ್ಲ.

ಇತಿ,
ಅಜ್ಜಯ್ಯ

*

ಮೈಸೂರು
9-8-2009

ಪ್ರೀತಿಯ ಅಜ್ಜಯ್ಯನಿಗೆ,

ಅರ್ಜಿ ತುಂಬಿದ್ದೇನೆ. ನಾಲ್ಕು ಸಲ ಪೆನ್ಸಿಲಿನಲ್ಲಿ ಬರೆದು ಅಳಿಸಿ ಆಮೇಲೆ ಪೆನ್ನಿನಲ್ಲಿ. ನಾನು ಗುರುತು ಹಾಕಿದ ಎರಡು ಕಡೆ ನೀವು, ಎರಡು ಕಡೆ ಅಮ್ಮಮ್ಮ ಸಹಿ ಮಾಡಬೇಕು. ಸಹಿಯ ಮೇಲೆ ಇರುವ ಸಾಲಿನ ಅರ್ಥ: ಮೇಲೆ ಹೇಳಿದ್ದೆಲ್ಲ ನಿಜ, ಸುಳ್ಳಾದರೆ ವಿಮೆ ಸಿಗುವುದಿಲ್ಲ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಬೇಡಿ. ಏಪ್ರಿಲ್ ರಜೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಒಂದು ಖಾಲಿ ಮಾತ್ರೆ ಹಾಳೆ ಸಿಕ್ಕಿತ್ತು. ಅದರ ಹೆಸರನ್ನು ಇಲ್ಲಿ ಮೆಡಿಕಲ್‌ನಲ್ಲಿ ಕೇಳಿದೆ. ಸಕ್ಕರೆ ಕಾಯಿಲೆಗೆ ಕೊಡುವುದು ಎಂದರು. ಅದು ಯಾರದ್ದು? ಪಕ್ಕದ ಮನೆಯವರದ್ದಾ?

ಇದಕ್ಕೆ ಉತ್ತರ ಬಂದ ಮೇಲೆ ಅರ್ಜಿ ಕೊಟ್ಟರೆ ಸಾಕು. ಆದರೆ ಕೊನೆಯ ದಿನ 25 ಅಂತ ಇದೆ, ಹಾಗಾಗಿ ಅರ್ಜಿಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ನಿಮಗೆ ಬಿಟ್ಟದ್ದು.

ನವ್ಯಾ

*

ಕೋಡಿ
2-9-2009

ಚಿ. ನವ್ಯಶ್ರೀಗೆ ಆಶೀರ್ವಾದ. ಕ್ಷೇಮ.

ಅರ್ಜಿ ಕೊಟ್ಟಾಯಿತು. ಅಮ್ಮಮ್ಮ ಮಾರ್ಕೆಟಿನಿಂದ ಬಂದು ಬುಟ್ಟಿ ಇಳಿಸುವಾಗಲೇ ಕಾಗದ ಮುಂದೆ ಹಿಡಿದೆ.

"ಎಂತದ್ ಇದ್?"

"ಆಸ್ಪತ್ರಿ ಕಾಯ್ದ. ಸೈನ್ ಹಾಕ್."

"ಕೈ ತೊಳ್ಕಂಡ್ ಬತ್ತೆ, ನಿಲ್ಲಿ."

"ಬ್ಯಾಡ, ಚೆನ್ನಯ್ಯ ರಿಕ್ಷಾದಗೆ ಕೂಕಂಡಿರ್."

ನೀನು ಕಲಿಸಿದ ಹಾಗೆ ರ, ತ, ನ ಎಂದು ಹೇಳಿಕೊಳ್ಳುತ್ತ ಎರಡು ಕಡೆ ಬರೆದಳು. ಒಂದು ಸಹಿಯ ಪಕ್ಕ ಮೀನಿನ ಪರೆ ಅಂಟಿತ್ತು. ಚೆನ್ನಯ್ಯ ಉಗುರಿನಲ್ಲಿ ಕೆರೆದು ತೆಗೆದರು, "ಇದ್ ಒಂದ್ ಎಕ್ಸ್ಟ್ರಾ ದಾಖಲೆ" ಎಂದು ನಗಾಡಿದರು.

ನಿನ್ನೆ ಪಾಲಿಸಿ ಬಂತು. ಒಂದು ಕೆಂಪು ಸುತ್ತೂ ಬೀಳಲಿಲ್ಲ. ನಾನು ಹೇಳಿರಲಿಲ್ಲವಾ?

ಮಳೆ ಕಮ್ಮಿ. ದೋಣಿಗಳು ಇಳಿದಿವೆ. ಬಂಗುಡೆ ಚೆನ್ನಾಗಿ ಬರುತ್ತಿದೆ. ಕಾಲಿನ ಗಾಯ ಇನ್ನೊಂದು ವಾರದಲ್ಲಿ ಒಣಗುತ್ತದೆ.

ಇತಿ,
ಅಜ್ಜಯ್ಯ

*

ಮೈಸೂರು
20-12-2009

ಪ್ರೀತಿಯ ಅಜ್ಜಯ್ಯನಿಗೆ,

ತುಂಬ ದಿನ ಬರೆಯಲಿಲ್ಲ, ಕ್ಷಮಿಸಿ. ಪರೀಕ್ಷೆ ಇತ್ತು. ಚೆನ್ನಾಗಿ ಆಯಿತು. ಇಂಗ್ಲಿಷ್ ಕೂಡ. ರಜೆಗೆ ಬರುವುದಿಲ್ಲ, ಇಲ್ಲಿ ಸ್ಪೆಷಲ್ ಕ್ಲಾಸ್ ಇಟ್ಟಿದ್ದಾರೆ.

ಮಾತ್ರೆ ಹಾಳೆಯ ವಿಷಯ ನೀವು ಬರೆಯಲೇ ಇಲ್ಲ. ಪಕ್ಕದ ಮನೆಯವರದ್ದೇ ಇರಬೇಕು ಅಂದುಕೊಂಡಿದ್ದೇನೆ.

ಅಮ್ಮಮ್ಮನ ಗಾಯ ಒಣಗಿತಾ?

ನವ್ಯಾ

*

ಆಸ್ಪತ್ರೆಯಿಂದ
24-2-2010

ಚಿ. ನವ್ಯಶ್ರೀಗೆ,

ಹೆದರಬೇಡ. ನಿಧಾನಕ್ಕೆ ಓದು. ಅಮ್ಮಮ್ಮನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಇವತ್ತಿಗೆ ಆರು ದಿನ. ಜೀವಕ್ಕೆ ಅಪಾಯವಿಲ್ಲ ಎಂದಿದ್ದಾರೆ. ಹರಿಣಾಕ್ಷಿ ಬಂದಿದ್ದಾಳೆ. ನೀನು ಪರೀಕ್ಷೆ ಬಿಟ್ಟು ಬರಬೇಡ ಎಂದು ಅಮ್ಮಮ್ಮನೇ ಹೇಳಿದ್ದಾಳೆ.

ಗಾಯ ಒಣಗಿರಲಿಲ್ಲ. ಜನವರಿಯಲ್ಲಿ ಬೆರಳು ಕಪ್ಪಾಯಿತು. ಆಗಲೂ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಜ್ವರ ಬಂದು ಮಾರ್ಕೆಟಿನಲ್ಲೇ ಬಿದ್ದ ದಿನ ವನಜ ರಿಕ್ಷಾದಲ್ಲಿ ಹಾಕಿ ತಂದಳು. ವನಜ ಎಂದರೆ ಅಮ್ಮಮ್ಮನ ಪಕ್ಕ ಕೂತು ಸಿಗಡಿ ಮಾರುವವಳು, ನಿನಗೆ ಗೊತ್ತು.

ಇಲ್ಲಿ ಡಾಕ್ಟರು ಕೇಳಿದರು, ಅಜ್ಜಿ, ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಅಂತ. ನಾನು ಬಾಯಿ ತೆಗೆಯುವ ಮೊದಲೇ ಇವಳು ಹೇಳಿದಳು, "ಸುಜನ್‌ನ ದೋಣಿ ಅಳಿವೆಯಗೆ ಮಗ್ಚಿದ್ ವರ್ಷ ಗೊತ್ತಾದ್ದ್, ಡಾಕ್ಟ್ರೇ. ಬೈಂದೂರಗೆ ತೋರ್ಸಿದ್ದ್. ಎರ್ಡ್ ವರ್ಷ ಮಾತ್ರಿ ತಿಂದೆ, ಮತ್ತೆ ಬಿಟ್ಟೆ, ಮತ್ತೆ ತಿಂದೆ." ಡಾಕ್ಟರಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಕಿರಿಮಂಜೇಶ್ವರದ ನರ್ಸ್ ಹುಡುಗಿಗೆ ಆ ಮೀನುಗಾರರ ದೋಣಿ ಮಗುಚಿದ ಸಂಗತಿ ಗೊತ್ತಿತ್ತು. "ಅದು 2003 ಸರ್" ಎಂದಳು. ಬರೆದುಕೊಂಡರು.

ಥಿಯೇಟರಿಗೆ ಕರೆದುಕೊಂಡು ಹೋಗುವಾಗ ಏನು ಹೇಳಿದಳು ಗೊತ್ತಾ? "ಕೊಯ್ಯುದಾರೆ ಸಮಾ ಕೊಯ್ನಿ. ನಾ ಅಂಜಲ್ ಮೀನ್ ಕೊಯ್ದ್ ಮಾರಿದಳ್. ತುಂಡ್ ಸಮಾ ಬರ್ದಿದ್ರೆ ಗಿರಾಕಿ ಬತ್ತಿಲ್ಲ." ಡಾಕ್ಟರು ನಕ್ಕರು. ನಾನು ಹೊರಗೆ ಬಂದೆ.

ಅಜ್ಜಯ್ಯ

*

ಮೈಸೂರು
1-3-2010

ಅಜ್ಜಯ್ಯ,

ವಾರ್ಡನ್ ಹತ್ತಿರ ಅತ್ತು ಕೇಳಿದರೂ ಬಿಡಲಿಲ್ಲ, ಅಮ್ಮನಿಂದ ಫೋನು ಬರಬೇಕಂತೆ. ಅಮ್ಮ ಫೋನು ಮಾಡಿ ಬರಬೇಡ ಅಂದಳು. ಎಲ್ಲರೂ ಸೇರಿ ನನ್ನನ್ನು ಹೊರಗೆ ಇಟ್ಟಿದ್ದೀರಿ.

ಪಾಲಿಸಿ ಇದೆಯಲ್ಲ. ಬಿಲ್ ಎಷ್ಟಾದರೂ ಆಗಲಿ, ನಾಲ್ಕು ಲಕ್ಷದವರೆಗೆ ಇದೆ. ಒಳ್ಳೆಯ ಔಷಧಿಯನ್ನೇ ಕೊಡಿಸಿ. ಎಲ್ಲ ಬಿಲ್ಲಿನ ಒರಿಜಿನಲ್, ಡಿಸ್ಚಾರ್ಜ್ ಕಾಗದ, ಕೇಸ್ ಶೀಟಿನ ಪ್ರತಿ ಇಟ್ಟುಕೊಳ್ಳಿ. ಅದು ಮೂರನೇ ಪುಟದಲ್ಲಿದೆ.

2003 ಅಂತ ನಿಜವಾಗಿಯೂ ಬರೆದುಕೊಂಡರಾ?

ನವ್ಯಾ

*

ಕೋಡಿ
18-4-2010

ಚಿ. ನವ್ಯಶ್ರೀಗೆ ಆಶೀರ್ವಾದ.

ಮನೆಗೆ ಬಂದು ಇಪ್ಪತ್ತು ದಿನವಾಯಿತು. ಒಟ್ಟು ಬಿಲ್ಲು ಎರಡು ಲಕ್ಷದ ಅರವತ್ತೆರಡು ಸಾವಿರ. ಬ್ಯಾಂಕಿನ ಗುಂಪು ವಿಮೆಯಿಂದ ಒಂದು ಲಕ್ಷ ಬಂತು. ಉಳಿದದ್ದಕ್ಕೆ ಟಾಪ್-ಅಪ್‌ಗೆ ಹಾಕಿದ್ದೆ. ಅವರಿಂದ ನಿನ್ನೆ ಕಾಗದ ಬಂದಿದೆ. ಇಂಗ್ಲಿಷು. ಒಂದು ಹಾಳೆ, ಎರಡೂ ಬದಿ. ಇದರ ಜೊತೆ ಇಟ್ಟಿದ್ದೇನೆ.

ಚೆನ್ನಯ್ಯ ಓದಿದರು. ಓದಿ ಮಡಚಿ ಕೊಟ್ಟು, "ಸುಬ್ಬಣ್ಣ, ನೀವ್ ನನ್ನತ್ರ ಮೊದ್ಲೇ ಓದ್ಸಿದ್ರೆ ಆತಿತ್ತಲೆ" ಎಂದರು. ಒಳಗೆ ಏನಿದೆ ಎಂದು ನಾನು ಕೇಳಲಿಲ್ಲ. ನೀನು ಓದಿ ಬರೆ.

ಅಜ್ಜಯ್ಯ

*

ಮೈಸೂರು
27-4-2010

ಅಜ್ಜಯ್ಯ,

ಓದಿದೆ. ಈ ಸಲ ಒಂದು ಶಬ್ದವೂ ಬಿಡದೆ ಅರ್ಥವಾಯಿತು. ಆಸ್ಪತ್ರೆಯ ಕಡತದ ಪ್ರಕಾರ ಶ್ರೀಮತಿ ರತ್ನ ಅವರಿಗೆ 2003ರಿಂದ ಮಧುಮೇಹವಿದೆ. ಅರ್ಜಿಯ ಏಳನೇ ಪ್ರಶ್ನೆಗೆ ಇಲ್ಲ ಎಂದು ಉತ್ತರಿಸಲಾಗಿದೆ. ಆದ್ದರಿಂದ ಹಣ ಕೊಡಲಾಗುವುದಿಲ್ಲ, ಪಾಲಿಸಿ ರದ್ದು. ಮೇಲರ್ಜಿ ಹಾಕಬಹುದು ಎಂದು ಕೆಳಗೆ ಇದೆ. ಏನೆಂದು ಹಾಕುವುದು? ಇಲ್ಲ ಎಂದು ಬರೆದದ್ದು ನನ್ನ ಅಕ್ಷರ.

ನಾನು ಎರಡು ಸಲ ಕೇಳಿದೆ. ಮಾತ್ರೆ ಹಾಳೆ ಯಾರದ್ದು ಅಂತ ಎರಡು ಸಲ. ನೀವು ಬಂಗುಡೆಯ ವಿಷಯ ಬರೆದಿರಿ. ಪ್ರತಿ ಕಾಗದದಲ್ಲೂ ಇಬ್ಬರೂ ಕ್ಷೇಮ, ಇಬ್ಬರೂ ಕ್ಷೇಮ. ಯಾಕೆ ಹಾಗೆ ಬರೆದಿರಿ? ನಾನು ಅದನ್ನೇ ನಂಬಿ ಅರ್ಜಿ ತುಂಬಿದೆ. ನಂಬಿದೆ ಅನ್ನುವುದೂ ಸುಳ್ಳು. ನಂಬಿದರೆ ಬೇಗ ಮುಗಿಯುತ್ತದೆ ಅಂತ ನಂಬಿದೆ.

ಈಗ ನನ್ನದು. ವಿವರಣೆಯ ನಾಲ್ಕನೇ ಪುಟವನ್ನು ನಾನು ಕನ್ನಡದಲ್ಲಿ ಬರೆಯಲಿಲ್ಲ. ನನಗೆ ಅದು ಅರ್ಥವಾಗಲಿಲ್ಲ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಇದ್ದವಳು ನಾನು. ಗೊತ್ತಿಲ್ಲ ಅಂದರೆ ಏನಾಗುತ್ತದೆ ಅಂತ ಗೊತ್ತು. ಇಲ್ಲಿ ನಾನು ಎದ್ದು ನಿಂತರೆ ಹಿಂದಿನ ಬೆಂಚು ಮೊದಲೇ ನಗಲು ತಯಾರಾಗುತ್ತದೆ. ಮೇಡಂ ಹತ್ತಿರ ಕೇಳಬಹುದಿತ್ತು. ಸ್ಟಾಫ್ ರೂಮಿನ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಡಿಸೆಂಬರಿನ ಇಂಗ್ಲಿಷ್ ಪರೀಕ್ಷೆಯಲ್ಲೂ ಫೇಲ್. ಸ್ಪೆಷಲ್ ಕ್ಲಾಸ್ ಇದ್ದದ್ದು ಫೇಲಾದವರಿಗೆ.

ನಿನ್ನೆ ಟ್ರಂಕಿನಿಂದ ಆ ಪುಟ ತೆಗೆದು ಮೇಡಂ ಹತ್ತಿರ ಹೋದೆ. ಹತ್ತು ನಿಮಿಷ ಸಾಕಾಯಿತು. ಅದರಲ್ಲಿ ಇರುವುದು ಇಷ್ಟು: ಬ್ಯಾಂಕಿನ ಗುಂಪು ವಿಮೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಇದ್ದವರು ಮೊದಲಿನ ಕಾಯಿಲೆಯನ್ನು ಅರ್ಜಿಯಲ್ಲಿ ತಿಳಿಸಿದರೆ, ಆ ಕಾಯಿಲೆಗೂ ಮೊದಲ ದಿನದಿಂದಲೇ ಹಣ ಸಿಗುತ್ತದೆ.

ಹೌದು ಎಂದು ಬರೆದಿದ್ದರೆ ಸಿಗುತ್ತಿತ್ತು, ಅಜ್ಜಯ್ಯ. ಪೂರ್ತಿ.

ನವ್ಯಾ

*

ಕೋಡಿ
8-5-2010

ನವ್ಯಶ್ರೀಗೆ,

ನಿನ್ನ ಕಾಗದ ಬಂತು. ಇಬ್ಬರೂ ಕ್ಷೇಮ ಎಂಬ ಮೇಲಿನ ಸಾಲು ಈ ಸಲ ಬರೆಯಲಿಲ್ಲ. ನೋಡಿರಬಹುದು.

ನಾಲ್ಕನೇ ಪುಟ ಇಲ್ಲದ್ದು ನನಗೆ ಗೊತ್ತಿತ್ತು. ಹೋದ ಜುಲೈಯಲ್ಲಿ ಕವರು ಒಡೆದ ಕೂಡಲೆ ಗೊತ್ತಾಯಿತು. ನಾನು ಕಡತ ಹೊಲಿದವನು ಮಗಾ. ನೀನು ಮೂಲೆಯಲ್ಲಿ ನನ್ನ ಹಾಗೆಯೇ ನಂಬರು ಹಾಕಿದ್ದೆ, ಒಂದು, ಎರಡು, ಮೂರು, ಐದು. ಹುಡುಗಿಗೆ ಅರ್ಥವಾಗಿಲ್ಲ ಎಂದು ತಿಳಿಯಿತು. ಕೇಳಿದರೆ ನಾಚಿಕೊಳ್ಳುತ್ತೀ ಎಂದು ಸುಮ್ಮನಾದೆ. ಚೆನ್ನಯ್ಯನಿಗೆ ಓದಿ ಹೇಳುವಾಗ ನಾಲ್ಕು ಹಾಳೆಯೇ ಪೂರ್ತಿ ಎಂದೆ. ಮೀಟಿಂಗಿನಲ್ಲಿ ಅಷ್ಟು ದೊಡ್ಡ ಮಾತು ಆಡಿ ಬಂದಿದ್ದೆನಲ್ಲ.

ಅಮ್ಮಮ್ಮನ ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟವನೂ ನಾನೇ. ಕುಂದಾಪುರದಲ್ಲಿ ತೋರಿಸಿದರೆ ಮಾರ್ಕೆಟಿಗೆ ಸುದ್ದಿ ಆಗುತ್ತದೆ ಎಂದು ಬೈಂದೂರಿಗೆ ಕರೆದುಕೊಂಡು ಹೋಗಿದ್ದೆ. ಅವಳ ಮರ್ಯಾದೆಗೆ ಎಂದುಕೊಂಡಿದ್ದೆ.

ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಬಾರದು ಎಂದಿದ್ದೆ. ಆದರೆ ನಾನು ಓದುವಾಗ ತುಟಿ ಅಲ್ಲಾಡುತ್ತದೆ, ಕಿವಿ ಕೇಳದ ಕಾರಣ ಗಟ್ಟಿಯಾಗಿಯೇ ಓದುತ್ತೇನಂತೆ. ಅವಳು ಜಗಲಿಯಲ್ಲಿ ಎಲ್ಲ ಕೇಳಿಸಿಕೊಂಡಳು. ನಾನು ಮುಗಿಸಿದ ಮೇಲೆ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಹಾಗೆ ಬರೆಯಬೇಕು ಎಂದು ಎದುರಿಗೇ ಕೂತಿದ್ದಾಳೆ.

"ಸಕ್ರಿ ಕಾಯ್ಲಿ ಎಂತ ನಾ ಕದ್ಕಂಡ್ ಬಂದದ್ದಾ? ಮಾರ್ಕೆಟಗೆ ಕೂಕಂಬರಗೆ ಅರ್ಧ ಜನಕ್ಕ್ ಇತ್ತ್, ವನಜಂಗೂ ಇತ್ತ್. ಡಾಕ್ಟ್ರ್ ಕೇಂಡ್ರ್, ಹೇಳ್ದೆ. ನಿಮ್ಗ್ ಇಬ್ರಿಗೂ ಕೇಂಬುಕೆ ಬಾಯ್ ಇರ್ಲಿಲ್ಯಾ? ಅವ್ಳ್ ನಿಮ್ಗ್ ಕಾಯ್ದ ಬರೂದ್, ನೀವ್ ಅವ್ಳಿಗ್ ಬರೂದ್. ಇಬ್ರೂ ಶಾಣ್ಯರ್. ಕಾಲ್ ನಂದ್, ಅರ್ಜಿ ನಿಮ್ದ್."

ಅವಳ ಸರ ಮಾರಿ, ನನ್ನ ಪಿಂಚಣಿಯ ಮೇಲೆ ಸಾಲ ತೆಗೆದು ಆಸ್ಪತ್ರೆಗೆ ಕಟ್ಟಿದ್ದಾಯಿತು. ಮಾರ್ಕೆಟಿನಲ್ಲಿ ಅವಳ ಜಾಗದಲ್ಲಿ ಈಗ ವನಜನ ಸೊಸೆ ಕೂರುತ್ತಾಳೆ. ಜಾಗ ಖಾಲಿ ಬಿಟ್ಟರೆ ಬೇರೆಯವರು ಹಿಡಿಯುತ್ತಾರೆ ಎಂದು ಇವಳೇ ಕೂರಿಸಿದ್ದು.

ಅಜ್ಜಯ್ಯ

*

ಮೈಸೂರು
15-5-2010

ಅಮ್ಮಮ್ಮ,

ಈ ಕಾಗದ ನಿನಗೆ. ಅಜ್ಜಯ್ಯ ಗಟ್ಟಿಯಾಗಿ ಓದಿ ಹೇಳಬೇಕು, ಒಂದು ಸಾಲೂ ಬಿಡದೆ. ಒಟ್ಟು ಎರಡು ಹಾಳೆ. ಅವರು ಬಿಟ್ಟರೋ ಎಂದು ನಿನಗೆ ಅನುಮಾನವಾದರೆ ವನಜಕ್ಕನ ಸೊಸೆಗೆ ಓದು ಬರುತ್ತದೆ, ಅವಳ ಹತ್ತಿರ ಇನ್ನೊಂದು ಸಲ ಓದಿಸು.

ಎಂಟು ವರ್ಷ ಹಾಸ್ಟೆಲಿನಿಂದ ಕಾಗದ ಬರೆದೆ, ಒಂದೂ ನಿನ್ನ ಹೆಸರಿಗೆ ಬರೆಯಲಿಲ್ಲ. ಕೊನೆಯಲ್ಲಿ ಅಮ್ಮಮ್ಮನಿಗೆ ಹೇಳಿ, ಅಮ್ಮಮ್ಮನನ್ನು ಕೇಳಿದೆ ಅನ್ನಿ, ಅಷ್ಟೇ. ನಿನಗೆ ಓದಲು ಬರುವುದಿಲ್ಲ ಅಂತ. ರ, ತ, ನ ಕಲಿಸಿದ್ದು ಕೂಡ ಸಹಿಗೆ ಬೇಕಾಗುತ್ತದೆ ಅಂತ, ಮುಂದೆ ಕಲಿಸಲೇ ಇಲ್ಲ.

ಮೊದಲ ಹಾಳೆ ನಾಲ್ಕನೇ ಪುಟ, ಕನ್ನಡದಲ್ಲಿ. ಈಗ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ನಿನ್ನ ಕಾಲಿನ ಬಗ್ಗೆ ಬರೆದದ್ದು, ನಿನಗೆ ಗೊತ್ತಿರಲಿ ಎಂದು ಕಳಿಸಿದ್ದೇನೆ. ಎರಡನೆಯ ಹಾಳೆ ಇದು.

ಇಪ್ಪತ್ತೆರಡಕ್ಕೆ ರಜೆ. ಬರುತ್ತೇನೆ. ಬೈಯುವುದಿದ್ದರೆ ಬಾಗಿಲಲ್ಲೇ ಬೈ. ಪಕ್ಕದ ಮನೆಗೆ ಕೇಳಿದರೂ ಪರವಾಗಿಲ್ಲ.

ಅದಕ್ಕೆ ಮೊದಲು ಒಂದು ಕೇಳುತ್ತೇನೆ. ಅಜ್ಜಯ್ಯ, ಇದಕ್ಕೆ ನೀವು ಉತ್ತರ ಬರೆಯಬೇಡಿ, ಅಮ್ಮಮ್ಮ ಹೇಳಿದ್ದನ್ನು ಮಾತ್ರ ಬರೆಯಿರಿ.

ಅಮ್ಮಮ್ಮ, ನಿನಗೆ ಎಲ್ಲೆಲ್ಲಿ ನೋವಿದೆ? ಯಾವಾಗಿನಿಂದ?

ನವ್ಯಾ